ಸಂಸಾರದ ಗುಟ್ಟು, ವ್ಯಾಧಿಯ ರಟ್ಟು: ಪೂರ್ವ ಜರ್ಮನಿಯ ಗುಪ್ತ ಕಡತಗಳೂ ಸಭೆಯ ಸತ್ಯಸಾಕ್ಷಿಯೂ

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಮನೆಯೊಳಗಿನ ಮಾತು ಮನೆಯೊಳಗೇ ಇರಲಿ. ರೋಗವನ್ನು ಮಾತ್ರ ಬಚ್ಚಿಡದೆ ನಾಲ್ಕು ಜನರಿಗೆ ತಿಳಿಸು, ಆಗಲೇ ಮದ್ದು ಸಿಕ್ಕೀತು ಎಂಬುದು ಅದರ ಭಾವ. ಗುಟ್ಟಿಗೂ ರಟ್ಟಿಗೂ ತಕ್ಕ ತಾಣಗಳನ್ನು ಗುರುತಿಸಿಕೊಟ್ಟ ವಿವೇಕ ಆ ಮಾತಿನಲ್ಲಿದೆ. ಆದರೆ ವ್ಯಾಧಿಯೇ ಸಂಸಾರದೊಳಗೆ ಹೊಕ್ಕಿದ್ದರೆ ಏನು ಮಾಡಬೇಕು? ಮನೆಯ ಗುಟ್ಟನ್ನು ಕಾಯಬೇಕಾದವನೇ ಅದನ್ನು ಹೊರಗೆ ಸಾಗಿಸುತ್ತಿದ್ದು, ಹಾಗೆ ಸಾಗಿಸುತ್ತಿರುವ ಸಂಗತಿಯೇ ಆ ಮನೆಯ ಅತಿ ದೊಡ್ಡ ಗುಟ್ಟಾಗಿದ್ದರೆ ಗಾದೆಯ ಯಾವ ಅರ್ಧವನ್ನು ಪಾಲಿಸಬೇಕು?

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪೂರ್ವ ಜರ್ಮನಿಯ ಸಾವಿರಾರು ಕುಟುಂಬಗಳು ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅಲ್ಲಿಯ ಸಭೆಯೂ ಎದುರಿಸಬೇಕಾಯಿತು. ಏಕೆಂದರೆ ಗುಪ್ತಚರರು ಅತಿ ಹೆಚ್ಚು ಆಸಕ್ತಿಯಿಂದ ಹೊಕ್ಕ ಮನೆಗಳಲ್ಲಿ ದೇವರ ಮನೆಯೂ ಒಂದಾಗಿತ್ತು. ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಎರಡು ಮಾತುಗಳಲ್ಲಿ ಅಡಗಿದೆಯೆಂದು ತೋರುತ್ತದೆ. ಕಡತವು ನಡೆದ ಸಂಗತಿಯನ್ನು ತಿಳಿಸಬಲ್ಲದು, ಆದರೆ ಪಾಪದ ಅರಿಕೆಯ ಸ್ಥಾನವನ್ನು ಅದು ತುಂಬಲಾರದು. ಹಾಗೆಯೇ, ಕಡತವನ್ನು ಮುಚ್ಚಿಟ್ಟು ಕೊಡಿಸುವ ಕ್ಷಮೆಯೂ ಕ್ಷಮೆಯಾಗಲಾರದು.

ಲೂಥರನ ನಾಡಿನಲ್ಲಿ

1949ರ ಅಕ್ಟೋಬರ್ 7ರಂದು ಸ್ಥಾಪಿತವಾದ ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯವು ನಮಗೆ ತೀರ ಅಪರಿಚಿತವಾದ ನಾಡಲ್ಲ. ಸಭಾಚರಿತ್ರೆಯ ಪಾಠಗಳಲ್ಲಿ ನಾವು ಓದುವ ಅನೇಕ ಊರುಗಳು ಅದರ ಗಡಿಯೊಳಗೇ ಇದ್ದವು. ಮಾರ್ಟಿನ್ ಲೂಥರನು ಹುಟ್ಟಿ ಸತ್ತ ಐಸ್ಲೆಬೆನ್, ಅವನು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ವಾರ್ಟ್‌ಬುರ್ಗ್ ಕೋಟೆ, ಬೋಧಿಸಿದ ವಿಟ್ಟೆನ್‌ಬೆರ್ಗ್, 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಸೀಗೆನ್‌ಬಾಲ್ಗ್ ಓದಿದ ಹಾಲೆ, ಇವೆಲ್ಲವೂ ಕಮ್ಯುನಿಸ್ಟ್ ಆಡಳಿತಕ್ಕೆ ಒಳಪಟ್ಟವು. 1950ರಲ್ಲಿ ಆ ರಾಜ್ಯದ ಜನರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಪ್ರೊಟೆಸ್ಟೆಂಟ್ ಸಭೆಯ ಸದಸ್ಯರಾಗಿದ್ದರು. 1989ರ ವೇಳೆಗೆ ಅವರು ಕಾಲು ಭಾಗಕ್ಕೆ ಇಳಿದಿದ್ದರು. ದೃಢೀಕರಣ ಸಂಸ್ಕಾರಕ್ಕೆ ಎದುರಾಗಿ 1950ರ ದಶಕದಲ್ಲಿ ಸರ್ಕಾರವು ಯುವಪ್ರತಿಜ್ಞೆಯ ಸಮಾರಂಭವನ್ನು ನಿಲ್ಲಿಸಿತು. ಅದನ್ನು ನಿರಾಕರಿಸಿದ ಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ಅನೇಕ ವೇಳೆ ಮುಚ್ಚಿಹೋಗುತ್ತಿತ್ತು. ಹೀಗೆ ಪ್ರತಿಯೊಂದು ಕ್ರೈಸ್ತ ಕುಟುಂಬವೂ ಊಟದ ಮೇಜಿನ ಬಳಿಯಲ್ಲೇ ನಂಬಿಕೆಯ ಬೆಲೆಯನ್ನು ಲೆಕ್ಕ ಹಾಕಬೇಕಾಯಿತು.

1950ರ ಫೆಬ್ರವರಿ 8ರಂದು ರಾಜ್ಯ ಭದ್ರತಾ ಸಚಿವಾಲಯವು ಹುಟ್ಟಿತು. ಜನರು ಅದನ್ನು ‘ಸ್ಟಾಸಿ’ ಎಂದು ಕರೆದರು. 1957ರಿಂದ 1989ರವರೆಗೆ ಎರಿಕ್ ಮೀಲ್ಕೆ ಅದರ ಸಚಿವನಾಗಿದ್ದನು. ಸುಮಾರು 1 ಕೋಟಿ 60 ಲಕ್ಷ ಜನರಿದ್ದ ಆ ರಾಜ್ಯದಲ್ಲಿ, 1989ರ ಹೊತ್ತಿಗೆ ಅದರ ಪೂರ್ಣಾವಧಿ ನೌಕರರೇ ಸುಮಾರು 91,000 ಮಂದಿ. ಅಂದರೆ ಸುಮಾರು 180 ಜನರಿಗೆ ಒಬ್ಬ. ಇವರಲ್ಲದೆ ‘ಅನಧಿಕೃತ ಸಹಕಾರಿ’ಗಳೆಂಬ ಗುಪ್ತ ಮಾಹಿತಿದಾರರಿದ್ದರು. ಅವರ ಸಂಖ್ಯೆಯನ್ನು ಸಾಮಾನ್ಯವಾಗಿ 1,70,000ದಿಂದ 1,90,000ದ ನಡುವೆ ಅಂದಾಜು ಮಾಡುತ್ತಾರೆ. ಇವರು ನೆರೆಯವರು, ಸಹೋದ್ಯೋಗಿಗಳು, ವೈದ್ಯರು, ಶಿಕ್ಷಕರು, ಸಭಾಪಾಲಕರು. ಕೆಲವೆಡೆ ಗಂಡ, ಹೆಂಡತಿ, ತಂದೆ. ಸಾಮಾನ್ಯವಾಗಿ ಪ್ರತಿಯೊಬ್ಬನೂ ಒಂದು ಪ್ರತಿಜ್ಞಾಪತ್ರಕ್ಕೆ ಸಹಿಮಾಡಿ ತನಗೊಂದು ಗುಪ್ತನಾಮವನ್ನು ಆರಿಸಿಕೊಳ್ಳುತ್ತಿದ್ದನು. ದೀಕ್ಷಾಸ್ನಾನದಲ್ಲಿ ಹೆಸರು ಪಡೆದವನು ಕತ್ತಲೆಯಲ್ಲಿ ಇನ್ನೊಂದು ಹೆಸರನ್ನು ಪಡೆಯುವ ಈ ವಿಧಿಯನ್ನು ದೇವಶಾಸ್ತ್ರದ ವಿದ್ಯಾರ್ಥಿಯು ಗಮನಿಸದೆ ಇರಲಾರನು.

ಸಚಿವಾಲಯದ ಇಪ್ಪತ್ತನೆಯ ವಿಭಾಗದಲ್ಲಿ ನಾಲ್ಕನೆಯ ಶಾಖೆಯು ಸಭೆಗಳಿಗೆಂದೇ ಮೀಸಲಾಗಿದ್ದಿತು. ಇದಕ್ಕೆ ಕಾರಣ ಸ್ಪಷ್ಟ. ಪಕ್ಷದ ಹಿಡಿತಕ್ಕೆ ಪೂರ್ತಿ ಸಿಕ್ಕದೆ ಉಳಿದ ದೊಡ್ಡ ಸಂಸ್ಥೆಯೆಂದರೆ ಸಭೆಯೊಂದೇ. ಸೈನ್ಯಸೇವೆಯನ್ನು ನಿರಾಕರಿಸಿದ ಯುವಕರು, ಪರಿಸರದ ಬಗ್ಗೆ ಕಳವಳಪಟ್ಟವರು, ಶಾಂತಿಗಾಗಿ ಪ್ರಾರ್ಥಿಸುವವರು, ನಿಷೇಧಿತ ಕವಿಗಳು, ಎಲ್ಲರಿಗೂ ಸಭೆಯ ಸೂರೇ ಆಶ್ರಯವಾಯಿತು. ಮೀಕನ ಪ್ರವಾದನೆಯಿಂದ ತೆಗೆದ, ಕತ್ತಿಯನ್ನು ಕುಳವಾಗಿ ತಟ್ಟುವ ಚಿತ್ರವನ್ನು ಯುವಜನರು 1980ರ ದಶಕದ ಆರಂಭದಲ್ಲಿ ತೋಳಿನ ಮೇಲೆ ಹೊಲಿದುಕೊಂಡಾಗ ಪೊಲೀಸರು ಅದನ್ನು ಕಿತ್ತುಹಾಕಿಸಿದರು. ಸೂರಿನಡಿಯಲ್ಲಿ ಯಾರು ಏನು ಮಾತನಾಡುತ್ತಾರೆಂಬುದನ್ನು ತಿಳಿಯಲು ರಾಜ್ಯಕ್ಕೆ ಆ ಸೂರಿನಡಿಯಲ್ಲೇ ಕುಳಿತ ಕಿವಿಗಳು ಬೇಕಾಗಿದ್ದವು.

ಒಳಗಿನಿಂದ ಕೊಳೆಯಿಸುವ ವಿದ್ಯೆ

ಆರಂಭದ ವರ್ಷಗಳಲ್ಲಿ ಬಂಧನ, ಸೆರೆಮನೆ, ಕಣ್ಮರೆ ಇವೇ ರಾಜ್ಯದ ಆಯುಧಗಳಾಗಿದ್ದವು. ಮುಂದೆ ಗುಪ್ತ ಕಡತಗಳ ಮೇಲ್ವಿಚಾರಕರಾದ ಯೋಆಖಿಂ ಗೌಕ್ ಅವರ ತಂದೆಯನ್ನು 1951ರಲ್ಲಿ ಸೋವಿಯತ್ ಅಧಿಕಾರಿಗಳು ಹಿಡಿದೊಯ್ದು ಸೈಬೀರಿಯಾದ ಶಿಬಿರಕ್ಕೆ ಕಳುಹಿಸಿದರು. ಆತನು 1955ರಲ್ಲಿ ಹಿಂದಿರುಗಿದನು. ತಂದೆಯನ್ನು ಕರೆದೊಯ್ದಾಗ ಗೌಕ್ ಹನ್ನೊಂದು ವರ್ಷದ ಬಾಲಕ.

1970ರ ದಶಕದಲ್ಲಿ ವಿಧಾನ ಬದಲಾಯಿತು. ವಿದೇಶಗಳಲ್ಲಿ ಮನ್ನಣೆ ಬಯಸುತ್ತಿದ್ದ ರಾಜ್ಯಕ್ಕೆ ಬಹಿರಂಗ ಹಿಂಸೆ ಅನನುಕೂಲವಾಯಿತು. 1976ರ ಜನವರಿಯಲ್ಲಿ ಹೊರಟ 1/76 ಎಂಬ ಸಂಖ್ಯೆಯ ಆಂತರಿಕ ನಿರ್ದೇಶನವು ‘ತ್ಸೆರ್‌ಸೆಟ್ಸುಂಗ್’ ಎಂಬ ಕ್ರಮವನ್ನು ಬಿಡಿಸಿ ವಿವರಿಸಿತು. ವಸ್ತುವೊಂದನ್ನು ಒಳಗಿನಿಂದಲೇ ಕರಗಿಸಿ ಕೊಳೆಯಿಸುವುದು ಎಂದು ಆ ಪದದ ಅರ್ಥ. ಸತ್ಯ ಸಂಗತಿಯೊಡನೆ ಸುಳ್ಳನ್ನು ಬೆರೆಸಿ ವ್ಯಕ್ತಿಯ ಮಾನ ಕಳೆಯುವುದು, ಅವನ ಉದ್ಯೋಗದಲ್ಲಿ ಸೋಲುಗಳನ್ನು ಯೋಜಿಸುವುದು, ಗೆಳೆಯರ ಗುಂಪಿನಲ್ಲಿ ಪರಸ್ಪರ ಸಂಶಯವನ್ನು ಬಿತ್ತುವುದು ಇವು ಅದರ ಮಾರ್ಗಗಳು. ದಾಂಪತ್ಯಗಳನ್ನು ಮುರಿಯುವ ಯತ್ನಗಳೂ ನಡೆದವು. ಇಟ್ಟ ಗುರಿಯು ತನ್ನ ಬಾಳು ಏಕೆ ಕುಸಿಯುತ್ತಿದೆಯೆಂದು ತಿಳಿಯದೆ ತನ್ನನ್ನೇ ದೂಷಿಸಿಕೊಳ್ಳಬೇಕೆಂಬುದು ಉದ್ದೇಶವಾಗಿತ್ತು.

ಮಾಹಿತಿದಾರರಾದವರ ಕಾರಣಗಳು ಒಂದೇ ಬಗೆಯವಲ್ಲ. ಕೆಲವರು ಸಮಾಜವಾದದಲ್ಲಿ ನಿಜವಾಗಿ ನಂಬಿದ್ದರು. ಕೆಲವರಿಗೆ ಬಡ್ತಿ, ವಿದೇಶಯಾತ್ರೆ, ಹಣ ಬೇಕಾಗಿತ್ತು. ಕೆಲವರು ತಮ್ಮ ಒಂದು ತಪ್ಪನ್ನು ಹಿಡಿದು ಹೆದರಿಸಿದ್ದರಿಂದ ಒಪ್ಪಿದರು. ಇನ್ನು ಕೆಲವರು ತಾವು ಸಭೆಗೂ ರಾಜ್ಯಕ್ಕೂ ನಡುವೆ ಮಧ್ಯಸ್ಥರೆಂದು ತಮ್ಮನ್ನೇ ನಂಬಿಸಿಕೊಂಡರು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಗುಪ್ತಚರ ಅಧಿಕಾರಿಯು ನಿಮ್ಮನ್ನು ಭೇಟಿಮಾಡಿದರೆ ಆ ವಿಷಯವನ್ನು ತಡಮಾಡದೆ ನಿಮ್ಮ ಮೇಲಿನವರಿಗೂ ಸಂಗಡಿಗರಿಗೂ ತಿಳಿಸಿಬಿಡಿರೆಂದು ಸಭೆಯು ತನ್ನ ಸೇವಕರಿಗೆ ಬುದ್ಧಿ ಹೇಳುತ್ತಿತ್ತು. ಈ ಉಪಾಯ ಬಹಳ ಸರಳ, ಆದರೆ ಪರಿಣಾಮಕಾರಿ. ಗುಟ್ಟು ಬಯಲಾದ ಮಾಹಿತಿದಾರನಿಂದ ಸ್ಟಾಸಿಗೆ ಪ್ರಯೋಜನವಿರಲಿಲ್ಲ. ‘ನಿನ್ನೆ ಒಬ್ಬ ಅಧಿಕಾರಿ ನನ್ನನ್ನು ಕಾಣಲು ಬಂದಿದ್ದ’ ಎಂದು ಹೆಂಡತಿಗೋ ಗೆಳೆಯನಿಗೋ ಹೇಳಿದ ಮಾತ್ರಕ್ಕೆ ಬಲೆ ಹರಿದುಹೋದ ನಿದರ್ಶನಗಳು ಕಡತಗಳಲ್ಲೇ ದಾಖಲಾಗಿವೆ. ಅಷ್ಟು ದೊಡ್ಡ ಯಂತ್ರವು ತನ್ನ ಬಲಕ್ಕಾಗಿ ಒಬ್ಬ ವ್ಯಕ್ತಿಯ ಮೌನವನ್ನು ನೆಚ್ಚಿಕೊಂಡಿತ್ತು. ವ್ಯಾಧಿಯನ್ನು ರಟ್ಟುಮಾಡು ಎಂಬ ನಮ್ಮ ಹಿರಿಯರ ಮಾತು ಅಲ್ಲಿ ಅಕ್ಷರಶಃ ಫಲಿಸಿತು.

ಬಾನ್‌ಹಾಫರ್ ಕಂಡ ಶಾಲಾಬಾಲಕ

ಗುಟ್ಟುಗಳೆಲ್ಲ ಕೆಟ್ಟವೆಂದು ಇದರಿಂದ ತೀರ್ಮಾನಿಸಬಾರದು. ನಾಟ್ಸಿ ಆಡಳಿತದ ಕಾಲದಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದಾಗ ಡೀಟ್ರಿಕ್ ಬಾನ್‌ಹಾಫರ್, ಸತ್ಯವನ್ನು ಹೇಳುವುದೆಂದರೇನು ಎಂಬ ವಿಷಯವಾಗಿ ಒಂದು ಪ್ರಬಂಧವನ್ನು ಬರೆಯತೊಡಗಿದರು. ಅದು ಅಪೂರ್ಣವಾಗಿಯೇ ಉಳಿಯಿತು. ಅದರಲ್ಲಿ ಬರುವ ಒಂದು ದೃಷ್ಟಾಂತ ಪ್ರಸಿದ್ಧವಾದುದು. ನಿನ್ನ ತಂದೆ ಕುಡಿದು ಮನೆಗೆ ಬರುವುದುಂಟೇ ಎಂದು ಶಿಕ್ಷಕನು ತರಗತಿಯ ಎದುರಿನಲ್ಲಿ ಒಬ್ಬ ಬಾಲಕನನ್ನು ಕೇಳುತ್ತಾನೆ. ಸಂಗತಿ ನಿಜವೇ ಆಗಿದ್ದರೂ ಬಾಲಕನು ಇಲ್ಲವೆನ್ನುತ್ತಾನೆ. ಆ ಉತ್ತರ ಸುಳ್ಳೇ. ಆದರೆ ಶಾಲೆಗೆ ಕುಟುಂಬದ ಅಂತರಂಗವನ್ನು ಕೆದಕುವ ಹಕ್ಕಿಲ್ಲವೆಂಬ ಸತ್ಯವನ್ನು ಆ ಬಾಲಕನು ತನಗೆ ತಿಳಿದ ಮಟ್ಟಿಗೆ ಕಾಪಾಡಿದನು. ಆದ್ದರಿಂದ ತಪ್ಪಿನ ಭಾರ ಶಿಕ್ಷಕನ ಮೇಲೆಯೇ ಬೀಳುತ್ತದೆಂದು ಬಾನ್‌ಹಾಫರ್ ವಾದಿಸುತ್ತಾರೆ. ಸತ್ಯವೆಂಬುದು ಸಂಬಂಧಗಳಿಂದ ಬಿಡಿಸಿ ತೆಗೆದ ಬರಿಯ ಮಾಹಿತಿಯಲ್ಲ. ಯಾರು, ಯಾರಿಗೆ, ಯಾವ ಅಧಿಕಾರದಿಂದ ಹೇಳುತ್ತಾರೆಂಬುದೂ ಅದಕ್ಕೆ ಸೇರಿದೆ.

ಈ ಬೆಳಕಿನಲ್ಲಿ ನೋಡಿದರೆ ಸ್ಟಾಸಿಯ ಕೃತ್ಯದ ಸ್ವರೂಪ ತಿಳಿಯುತ್ತದೆ. ಅದು ತರಗತಿಯ ಆ ಶಿಕ್ಷಕನಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಬಾಲಕನನ್ನು ಎಲ್ಲರೆದುರು ಕೇಳದೆ ಮರೆಯಲ್ಲಿ ಕೇಳಿತು; ಉತ್ತರ ಕೊಟ್ಟುದನ್ನು ತಂದೆಗೆ ತಿಳಿಸಬೇಡವೆಂದಿತು. ವಾರದ ಊಟದಲ್ಲಿ ಏನು ಚರ್ಚೆಯಾಯಿತು, ಅತಿಥಿಯಾಗಿ ಬಂದವರಾರು, ಗಂಡಹೆಂಡಿರ ನಡುವೆ ಮನಸ್ತಾಪವಿದೆಯೇ ಎಂಬ ವರದಿಗಳಲ್ಲಿ ಸುಳ್ಳೇ ಇರಬೇಕಾಗಿರಲಿಲ್ಲ. ಪ್ರತಿ ವಾಕ್ಯವೂ ಸಂಗತಿಯಾಗಿ ನಿಜವಿದ್ದು, ಇಡೀ ವರದಿ ಸುಳ್ಳಾಗಿರಬಹುದಾಗಿತ್ತು. ಏಕೆಂದರೆ ಪ್ರೀತಿಯ ಭರವಸೆಯಲ್ಲಿ ಆಡಿದ ಮಾತನ್ನು ಅದು ಬಲಿಪಶುವಿನ ಲಕ್ಷಣಪಟ್ಟಿಯಾಗಿ ಮಾರ್ಪಡಿಸಿತ್ತು. ಒಂದು ಮಾತಿನ ಗುಟ್ಟನ್ನು ಮುರಿದು ಅದಕ್ಕೆ ಬದಲಾಗಿ ಇನ್ನೊಂದು ಗುಟ್ಟನ್ನು ಆ ಮನೆಯಲ್ಲಿ ನೆಟ್ಟಿತು. ಮೊದಲನೆಯ ಗುಟ್ಟು ಸಂಸಾರವನ್ನು ಕಾಯುವ ಬೇಲಿ. ಎರಡನೆಯದು ಸಂಸಾರವನ್ನು ತಿನ್ನುವ ಗೆದ್ದಲು.

ಸುಡಬೇಕೋ, ತೆರೆಯಬೇಕೋ?

1989ರ ಅಕ್ಟೋಬರ್ 9ರಂದು ಲೈಪ್ಸಿಗ್ ನಗರದ ನಿಕೊಲಾಯ್ ದೇವಾಲಯದಲ್ಲಿಯೂ ಇತರ ದೇವಾಲಯಗಳಲ್ಲಿಯೂ ನಡೆದ ಶಾಂತಿಪ್ರಾರ್ಥನೆಗಳ ಬಳಿಕ ಸುಮಾರು 70,000 ಜನರು ಮೇಣದ ಬತ್ತಿಗಳನ್ನು ಹಿಡಿದು ಬೀದಿಗಿಳಿದರು, ಗುಂಡು ಹಾರಲಿಲ್ಲ. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ತೆರೆಯಿತು. ಕೂಡಲೇ ಸ್ಟಾಸಿ ಕಚೇರಿಗಳಲ್ಲಿ ಕಡತಗಳ ನಾಶ ಆರಂಭವಾಯಿತು. ಡಿಸೆಂಬರ್ 4ರಂದು ಎರ್ಫುರ್ಟ್ ನಗರದಲ್ಲಿ ನಾಗರಿಕರು, ಅವರಲ್ಲಿಯೂ ಮಹಿಳೆಯರು ಮುಂದಾಗಿ, ಜಿಲ್ಲಾ ಕಚೇರಿಯನ್ನು ವಶಪಡಿಸಿಕೊಂಡರು. 1990ರ ಜನವರಿ 15ರಂದು ಬರ್ಲಿನ್ನಿನ ಕೇಂದ್ರ ಕಚೇರಿಯೂ ಜನರ ಕೈಸೇರಿತು. ಹೀಗೆ ಉಳಿದ ದಾಖಲೆಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 111 ಕಿಲೋಮೀಟರ್ ಉದ್ದವಾಗುತ್ತವೆ. ಅಧಿಕಾರಿಗಳು ಕೈಯಿಂದಲೇ ಹರಿದೆಸೆದ ಕಾಗದಗಳು ಸುಮಾರು 16,000 ಚೀಲಗಳಷ್ಟಿದ್ದವು. ಆ ಚೂರುಗಳನ್ನು ಜೋಡಿಸುವ ಕೆಲಸ 1995ರಲ್ಲಿ ಬವೇರಿಯಾದ ತ್ಸಿರ್ನ್‌ಡಾರ್ಫ್ ಎಂಬ ಊರಿನಲ್ಲಿ ಆರಂಭವಾಯಿತು.

ಈ ರಾಶಿಯನ್ನು ಏನು ಮಾಡಬೇಕು? ಸುಟ್ಟುಬಿಡುವುದೇ ಒಳಿತೆಂದು ಹೇಳಿದವರಲ್ಲಿ ಹಳೆಯ ಆಡಳಿತದ ಬೆಂಬಲಿಗರು ಮಾತ್ರವಲ್ಲ, ಪ್ರಾಮಾಣಿಕರಾದ ಸಭಾನಾಯಕರೂ ಇದ್ದರು. ನೆರೆಯವನು ನೆರೆಯವನನ್ನು ಕೊಂದಾನು, ಮನೆಗಳು ಒಡೆದಾವು, ವಿಷವನ್ನು ಮತ್ತೆ ಹರಡಬಾರದು, ಕ್ರೈಸ್ತರು ಕ್ಷಮಿಸಿ ಮರೆಯಬೇಕು ಎಂಬುದು ಅವರ ಅಳಲು. ಇನ್ನೊಂದು ಕಡೆಯಲ್ಲಿ ನಿಂತವರಲ್ಲಿಯೂ ಸಭಾಪಾಲಕರಿದ್ದರು. ರಾಸ್ಟಾಕ್ ನಗರದ ಸಭಾಪಾಲಕರಾಗಿದ್ದ ಗೌಕ್ ಅವರಲ್ಲಿ ಪ್ರಮುಖರು. ಯಾರ ಬಾಳನ್ನು ಕದ್ದು ಬರೆಯಲಾಯಿತೋ ಅವರಿಗೆ ಅದನ್ನು ಓದುವ ಹಕ್ಕಿದೆಯೆಂಬುದು ಇವರ ನಿಲುವು. 1990ರ ಸೆಪ್ಟೆಂಬರ್‌ನಲ್ಲಿ, ಕಡತಗಳು ತಮ್ಮ ಕೈತಪ್ಪಿ ಹೋಗುತ್ತವೆಯೆಂದು ಹೆದರಿದ ಹೋರಾಟಗಾರರು ಕೇಂದ್ರ ಕಚೇರಿಯನ್ನು ಮತ್ತೆ ಹೊಕ್ಕು ಉಪವಾಸ ಕುಳಿತರು. 1991ರ ಕೊನೆಯಲ್ಲಿ ಕಡತಗಳ ಕಾಯಿದೆ ಜಾರಿಗೆ ಬಂದು, 1992ರ ಜನವರಿ 2ರಂದು ಓದುವ ಕೋಣೆಗಳ ಬಾಗಿಲು ತೆರೆಯಿತು. ಅಂದಿನಿಂದ ತಮ್ಮ ಕಡತಗಳನ್ನು ನೋಡಲು ಜನರು ಸಲ್ಲಿಸಿದ ಕೋರಿಕೆಗಳು 30 ಲಕ್ಷವನ್ನು ಮೀರಿವೆ. ಹೆದರಿದಂತೆ ಸೇಡಿನ ಕೊಲೆಗಳ ಅಲೆ ಏಳಲಿಲ್ಲ.

ಕಾಯಿದೆಯು ಎಚ್ಚರಿಕೆಯಿಂದ ರಚಿತವಾಗಿತ್ತು. ಓದುಗನಿಗೆ ಕೊಡುವ ಪ್ರತಿಯಲ್ಲಿ ಸಂಬಂಧಪಡದ ಮೂರನೆಯವರ ಹೆಸರುಗಳನ್ನು ಮಸಿ ಹಚ್ಚಿ ಮರೆಮಾಡುತ್ತಿದ್ದರು. ಮಾಹಿತಿದಾರನ ಗುಪ್ತನಾಮದ ಹಿಂದಿರುವ ನಿಜನಾಮವನ್ನು ಬಯಸಿದವನು ಪ್ರತ್ಯೇಕವಾಗಿ ಕೋರಬೇಕಾಗಿತ್ತು. ಅಂದರೆ ತಿಳಿಯುವ ಹಕ್ಕಿನೊಡನೆ ತಿಳಿಯದೆ ಇರುವ ಹಕ್ಕನ್ನೂ ಅದು ಉಳಿಸಿತು. ಎಷ್ಟೋ ಜನರು ಕಡತವನ್ನು ಕೋರಲೇ ಇಲ್ಲ. ಅವರನ್ನು ಹೇಡಿಗಳೆನ್ನುವ ಅಧಿಕಾರ ಯಾರಿಗೂ ಇಲ್ಲ.

ಒಂದು ದಾಂಪತ್ಯ

ಕಡತದ ಓದು ಕುಟುಂಬವೊಂದಕ್ಕೆ ಏನನ್ನು ತಂದಿತೆಂಬುದಕ್ಕೆ ಜಗತ್ತಿಗೆಲ್ಲ ತಿಳಿದ ನಿದರ್ಶನವೆಂದರೆ ವೇರಾ ಲೆಂಗ್ಸ್‌ಫೆಲ್ಡ್ ಅವರದು. ಆಗ ಅವರು ಪತಿಯ ಮನೆತನದ ಹೆಸರಾದ ವೊಲ್ಲೆನ್‌ಬೆರ್ಗರ್ ಎಂಬುದರಿಂದ ಪರಿಚಿತರಾಗಿದ್ದರು. ಅವರ ತಂದೆ ಸ್ಟಾಸಿಯ ಅಧಿಕಾರಿ. ಮಗಳು 1980ರ ದಶಕದ ಆರಂಭದಲ್ಲಿ ಬರ್ಲಿನ್ನಿನ ಪಾಂಕೋ ಪ್ರದೇಶದ ಶಾಂತಿಬಳಗದಲ್ಲಿ ಸೇರಿ, ಕ್ಷಿಪಣಿಗಳನ್ನು ವಿರೋಧಿಸಿ, 1983ರಲ್ಲಿ ಪಕ್ಷದಿಂದ ಹೊರದೂಡಲ್ಪಟ್ಟರು. ಬಳಿಕ ಸಭೆಯ ವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದತೊಡಗಿದರು. 1988ರ ಜನವರಿಯಲ್ಲಿ ಒಂದು ಮೆರವಣಿಗೆಗೆ ಸಂಬಂಧಿಸಿದಂತೆ ಬಂಧಿತರಾಗಿ, ಇಂಗ್ಲೆಂಡಿಗೆ ಹೊರಡಿಸಲ್ಪಟ್ಟು, ಕೇಂಬ್ರಿಜ್‌ನಲ್ಲಿ ಧರ್ಮತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದರು. ಗೋಡೆ ತೆರೆದ 1989ರ ನವೆಂಬರ್ 9ರಂದೇ ತಾಯ್ನಾಡಿಗೆ ಹಿಂದಿರುಗಿದರು. ಮುಂದಿನ ವರ್ಷ ಸಂಸತ್ತಿನ ಸದಸ್ಯೆಯಾದರು.

1991-92ರ ಚಳಿಗಾಲದಲ್ಲಿ ಅವರಿಗೆ ಒಂದು ಸಂಗತಿ ತಿಳಿಯಿತು. ಅವರ ಬಗ್ಗೆಯೂ ಅವರ ಗೆಳೆಯರ ಬಗ್ಗೆಯೂ ‘ಡೊನಾಲ್ಡ್’ ಎಂಬ ಗುಪ್ತನಾಮದಿಂದ ವರ್ಷಗಟ್ಟಲೆ ವರದಿ ಒಪ್ಪಿಸಿದವನು ಅವರ ಪತಿಯೇ. ಅವರಿಬ್ಬರಿಗೂ ಗಂಡುಮಕ್ಕಳಿದ್ದರು. ಮದುವೆ ಮುರಿಯಿತು. ಆತನು ತನ್ನ ಕೃತ್ಯವನ್ನು ಒಪ್ಪಿಕೊಂಡನು. ಆದರೆ ರಾಜ್ಯದೊಡನೆ ಸಂವಾದವನ್ನು ಉಳಿಸಿಕೊಳ್ಳಲು ಹಾಗೆ ಮಾಡಿದೆನೆಂಬ ಸಮರ್ಥನೆಯನ್ನೂ ಜೊತೆಗಿಟ್ಟನು. ವರ್ಷಗಳು ಕಳೆದವು. ಆತನು ಪಾರ್ಕಿನ್ಸನ್ ಬಗೆಯ ವ್ಯಾಧಿಗೆ ತುತ್ತಾಗಿ ಐರ್ಲೆಂಡಿನಲ್ಲಿ ನೆಲೆಸಿದ್ದನು. ಅಲ್ಲಿಂದ ಕ್ಷಮೆ ಬೇಡಿ ಪತ್ರ ಬರೆದನು. ಆಕೆ ಕ್ಷಮಿಸಿದರು. ಆತನು 2012ರಲ್ಲಿ ತೀರಿಕೊಂಡನು.

ಈ ಕಥೆಯಲ್ಲಿ ಮೂರು ಹಂತಗಳನ್ನು ಬೇರ್ಪಡಿಸಿ ನೋಡಬೇಕು. ಕಡತ ಬಯಲಾದುದು ಒಂದು. ಸಮರ್ಥನೆಯೊಡನೆ ಒಪ್ಪಿಕೊಂಡುದು ಇನ್ನೊಂದು. ಕ್ಷಮೆ ಬೇಡಿದುದು ಮೂರನೆಯದು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಹಲವು ವರ್ಷಗಳು ಸಂದುವು. ಆ ನಡುವಿನ ಕಾಲದಲ್ಲಿ ಯಾರಾದರೂ ಸಭಾಪಾಲಕನು ಆಕೆಯ ಬಳಿಗೆ ಹೋಗಿ, ಕ್ರೈಸ್ತಳಾದ ನೀನು ಕ್ಷಮಿಸಬೇಕಲ್ಲವೇ ಎಂದು ಒತ್ತಾಯಿಸಿದ್ದರೆ, ಆತನು ಸುವಾರ್ತೆಯನ್ನು ಸಾರಿದಂತಾಗುತ್ತಿತ್ತೇ? ಪಶ್ಚಾತ್ತಾಪವಿಲ್ಲದ ಕ್ಷಮೆಯ ಬೋಧನೆಯನ್ನು ಅಗ್ಗದ ಕೃಪೆಯೆಂದು ಬಾನ್‌ಹಾಫರ್ 1937ರಲ್ಲಿಯೇ ಹೆಸರಿಟ್ಟು ಕರೆದಿದ್ದರು.

ಸತ್ತ ತಂದೆಯ ಬರಹ

ತಪ್ಪು ಮಾಡಿದವನು ಬದುಕಿದ್ದರೆ ಪತ್ರವಾದರೂ ಬಂದೀತು. ಸತ್ತಿದ್ದರೆ? ಈ ಪ್ರಶ್ನೆಗೆ ಅದೇ ಕೂಟಕ್ಕೆ ಸೇರಿದ್ದ ಹಂಗೆರಿಯಿಂದ ಒಂದು ಉತ್ತರ ಬಂದಿದೆ. ಪೇತೆರ್ ಎಸ್ತರ್‌ಹಾಜಿ ಆ ನಾಡಿನ ಪ್ರಸಿದ್ಧ ಕಾದಂಬರಿಕಾರರು. ಪುರಾತನ ಕ್ಯಾಥೊಲಿಕ್ ಜಮೀನ್ದಾರಿ ಮನೆತನದವರು. ಕಮ್ಯುನಿಸ್ಟರು ಆ ಮನೆತನದ ಆಸ್ತಿಯನ್ನು ಕಸಿದು ಕುಟುಂಬವನ್ನು ಹಳ್ಳಿಗೆ ಗಡೀಪಾರು ಮಾಡಿದ್ದರು. ತಂದೆ ತೀರಿಕೊಂಡ ಬಳಿಕ, ತಂದೆಯನ್ನೂ ಮನೆತನವನ್ನೂ ಕುರಿತ ‘ಹಾರ್ಮೋನಿಯಾ ಚೇಲೆಸ್ಟಿಸ್’ ಎಂಬ ಬೃಹತ್ ಕಾದಂಬರಿಯನ್ನು ಅವರು 2000ದಲ್ಲಿ ಪ್ರಕಟಿಸಿದರು. ಅದೇ ವರ್ಷದ ಆರಂಭದಲ್ಲಿ, ತಮ್ಮ ಮೇಲೆ ಬೇಹುಗಾರಿಕೆ ನಡೆದಿತ್ತೇ ಎಂದು ತಿಳಿಯಲು ಹೋದ ಅವರ ಮುಂದೆ ದಾಖಲೆಗಳ ಕಚೇರಿಯು ಕೆಲವು ಕಡತಗಳನ್ನು ಇಟ್ಟಿತು. ಅವುಗಳ ಅಕ್ಷರಗಳನ್ನು ಮಗನು ಕೂಡಲೇ ಗುರುತಿಸಿದನು. ಅದು ತಂದೆಯ ಕೈಬರಹ. 1956ರ ದಂಗೆ ಅಡಗಿದ ಮರುವರ್ಷದಿಂದ 1980ರವರೆಗೆ ತಂದೆ ಮಾಹಿತಿದಾರನಾಗಿದ್ದನು.

ಎಸ್ತರ್‌ಹಾಜಿ ಅದನ್ನು ಬಚ್ಚಿಡಲಿಲ್ಲ. 2002ರಲ್ಲಿ, ಹಿಂದಿನ ಪುಸ್ತಕದ ‘ತಿದ್ದಿದ ಆವೃತ್ತಿ’ ಎಂಬ ಅರ್ಥದ ಹೆಸರಿನಲ್ಲಿ ಇನ್ನೊಂದು ಪುಸ್ತಕವನ್ನು ಪ್ರಕಟಿಸಿ, ತಂದೆಯ ವರದಿಗಳ ಭಾಗಗಳನ್ನು ಅದರಲ್ಲಿ ಕೆಂಪು ಅಕ್ಷರಗಳಲ್ಲಿ ಮುದ್ರಿಸಿದರು. ನಕಲು ಮಾಡುವಾಗ ಕಣ್ಣೀರು ಬಂದೆಡೆಯಲ್ಲೆಲ್ಲ ಕಣ್ಣೀರೆಂಬ ಹಂಗೆರಿಯನ್ ಪದದ ಮೊದಲಕ್ಷರವನ್ನೂ, ತನ್ನ ಮೇಲೆಯೇ ಮರುಕ ಹುಟ್ಟಿದೆಡೆಯಲ್ಲಿ ಅದರ ಮೊದಲಕ್ಷರವನ್ನೂ ಗುರುತು ಹಾಕಿದರು. ತಂದೆಯನ್ನು ಅವರು ನಿರ್ದೋಷಿಯೆನ್ನಲಿಲ್ಲ. ತಂದೆಯಲ್ಲವೆಂದು ತಳ್ಳಿಹಾಕಲೂ ಇಲ್ಲ. ನಾಲ್ಕನೆಯ ಆಜ್ಞೆಯೆಂದು ಲೂಥರನ್ನರೂ ಐದನೆಯದೆಂದು ನಾವೂ ಎಣಿಸುವ ತಂದೆತಾಯಿಗಳ ಸನ್ಮಾನದ ಆಜ್ಞೆಯನ್ನು ಇದಕ್ಕಿಂತ ಕಠಿನವಾದ ಬಗೆಯಲ್ಲಿ ಪಾಲಿಸಿದವರು ವಿರಳ. ಸತ್ತವನ ಪರವಾಗಿ ಮಗನು ಪಶ್ಚಾತ್ತಾಪ ಪಡಲಾರನು. ಆದರೆ ಸುಳ್ಳನ್ನು ಮುಂದಿನ ತಲೆಮಾರಿಗೆ ದಾಟಿಸದೆ ತನ್ನಲ್ಲೇ ನಿಲ್ಲಿಸಬಲ್ಲನು.

ದೇವರ ಮನೆಯಿಂದಲೇ ಆರಂಭ

ಸಭೆಯು ಇತರರ ಕಡತಗಳನ್ನು ಕುರಿತು ಮಾತನಾಡಿ ತನ್ನದನ್ನು ಮರೆಯುವಂತಿರಲಿಲ್ಲ. ವೋಲ್ಫ್‌ಗಾಂಗ್ ಷ್ನೂರ್ ಎಂಬ ವಕೀಲನು ಸಭೆಯ ವಲಯದಲ್ಲಿ ಗಣ್ಯನಾಗಿದ್ದು, 1988ರ ಜನವರಿಯಲ್ಲಿ ಬಂಧಿತರಾದ ಹೋರಾಟಗಾರರಲ್ಲಿ ಕೆಲವರ ಪರವಾಗಿ ನಿಂತಿದ್ದನು. 1990ರ ಮಾರ್ಚ್‌ನಲ್ಲಿ, ಮುಕ್ತ ಚುನಾವಣೆಗೆ ಕೆಲವೇ ದಿನಗಳ ಮುಂಚೆ, ಆತನೇ ದೀರ್ಘಕಾಲದ ಮಾಹಿತಿದಾರನೆಂದು ಬಯಲಾಯಿತು. ಮಾನ್‌ಫ್ರೆಡ್ ಸ್ಟೋಲ್ಪೆ ಅವರದು ಬೇರೆಯೇ ಬಗೆಯ ಪ್ರಕರಣ. ಸಭೆಯ ಆಡಳಿತದಲ್ಲಿ ಉನ್ನತ ಸ್ಥಾನದಲ್ಲಿದ್ದು ಮುಂದೆ ಬ್ರಾಂಡೆನ್‌ಬುರ್ಗ್ ರಾಜ್ಯದ ಮುಖ್ಯಮಂತ್ರಿಯಾದ ಅವರ ಹೆಸರು ‘ಸೆಕ್ರೆಟೇರ್’ ಎಂಬ ಗುಪ್ತನಾಮದಡಿ ದಾಖಲಾಗಿತ್ತು. ಸ್ಟಾಸಿಯೊಡನೆ ಸಂಪರ್ಕವಿದ್ದುದನ್ನು ಅವರು 1992ರಲ್ಲಿ ಒಪ್ಪಿಕೊಂಡರು. ಆದರೆ ತಾವು ಸಭೆಯ ಪರವಾಗಿ, ಸಂಕಟದಲ್ಲಿದ್ದವರಿಗಾಗಿ ಮಾತನಾಡಿದೆವೆಂದೂ ಮಾಹಿತಿದಾರರಾಗಿರಲಿಲ್ಲವೆಂದೂ ಕೊನೆಯವರೆಗೆ ಹೇಳಿದರು. ಆ ವಿವಾದ ತೀರಲಿಲ್ಲ.

ಈ ಎರಡು ಪ್ರಕರಣಗಳ ಅಂತರವೇ ಚರಿತ್ರಕಾರನಿಗೆ ಎಚ್ಚರಿಕೆಯಾಗಬೇಕು. ಕಡತವನ್ನು ಬರೆದವನು ಪಕ್ಷಪಾತಿ; ತನ್ನ ಮೇಲಧಿಕಾರಿಯನ್ನು ಮೆಚ್ಚಿಸಲು ಬರೆದವನು. ಸಹಜ ಮಾತುಕತೆಯನ್ನೂ ಸಾಧನೆಯೆಂದು ಅವನು ಉಬ್ಬಿಸಿರಬಹುದು. ಆದ್ದರಿಂದ ಬೇರೆ ಸಾಕ್ಷ್ಯಗಳೊಡನೆ ತೂಗಿನೋಡದೆ ಕಡತವನ್ನೇ ತೀರ್ಪೆಂದು ಓದುವವನು, ತಿಳಿಯದೆಯೇ ಸ್ಟಾಸಿಯ ಕಣ್ಣಿನಿಂದ ಮನುಷ್ಯನನ್ನು ನೋಡುತ್ತಾನೆ. ಕಡತಗಳಿಂದ ಕಳಂಕ ತೊಳೆದವರೂ ಇದ್ದಾರೆಂಬುದನ್ನು ಮರೆಯಬಾರದು. ವರ್ಷಗಟ್ಟಲೆ ಸಂಶಯಕ್ಕೆ ಗುರಿಯಾದ ಗೆಳೆಯನು ನಿರಪರಾಧಿಯೆಂದೂ, ಒತ್ತಾಯಕ್ಕೆ ಮಣಿಯದೆ ‘ಆಗದು’ ಎಂದು ಹೇಳಿದ ಸಾಮಾನ್ಯನೊಬ್ಬನಿದ್ದನೆಂದೂ ಅವೇ ಪುಟಗಳು ಸಾಕ್ಷಿ ನುಡಿದವು. ಸುಟ್ಟಿದ್ದರೆ ದ್ರೋಹಿಗಳ ಹೆಸರಿನೊಡನೆ ಈ ನಂಬಿಗಸ್ತರ ಹೆಸರೂ ಬೂದಿಯಾಗುತ್ತಿತ್ತು.

ಯೋಸೇಫನ ಕೋಣೆ

ಸತ್ಯವೇದದ ಮೊದಲ ಪುಸ್ತಕದ ಕೊನೆಯ ಭಾಗವು ಒಂದು ಕುಟುಂಬದ ಗುಟ್ಟಿನ ಕಥೆಯಾಗಿದೆ. ರಕ್ತದಲ್ಲಿ ಅದ್ದಿದ ಅಂಗಿಯನ್ನು ಸಹೋದರರು ತಂದೆಯ ಮುಂದಿಟ್ಟು, ಇದು ನಿನ್ನ ಮಗನದೋ ನೋಡು ಎಂದರು. ಅವರು ಬಾಯಿಮಾತನ್ನಷ್ಟೇ ನೆಚ್ಚಲಿಲ್ಲ. ಸಾಕ್ಷ್ಯವನ್ನೇ ರಚಿಸಿದರು. ಆ ಅಂಗಿ ಸುಳ್ಳು ಕಡತವಲ್ಲದೆ ಮತ್ತೇನು? ವರ್ಷಗಳ ಬಳಿಕ ಐಗುಪ್ತದಲ್ಲಿ ಅವರು ಯೋಸೇಫನ ಮುಂದೆ ನಿಂತಾಗ ಅವನು ಅವರ ಮೇಲೆ ಹೊರಿಸಿದ ಮೊದಲ ಆರೋಪ ಗೂಢಚಾರರೆಂಬುದೇ (ಆದಿಕಾಂಡ 42:9). ಅವನಿಗೆ ಸಂಗತಿಯೆಲ್ಲ ತಿಳಿದಿತ್ತು. ತಿಳಿದಿದ್ದರೂ ಅವನು ಕೂಡಲೇ ಬಯಲುಮಾಡಲಿಲ್ಲ; ಕೂಡಲೇ ಅಪ್ಪಿಕೊಳ್ಳಲೂ ಇಲ್ಲ. ಯೆಹೂದನು ತಮ್ಮನಿಗೆ ಬದಲಾಗಿ ತನ್ನನ್ನೇ ಗುಲಾಮನಾಗಿ ಇಟ್ಟುಕೊಳ್ಳೆಂದು ಬೇಡುವವರೆಗೆ, ಅಂದರೆ ಹಳೆಯ ಪಾಪ ಮಾಡಿದವರು ಬದಲಾಗಿದ್ದಾರೆಂದು ಕಾಣುವವರೆಗೆ ಕಾದನು.

ಆಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಐಗುಪ್ತ್ಯರೆಲ್ಲರನ್ನೂ ಕೋಣೆಯಿಂದ ಹೊರಗೆ ಕಳುಹಿಸಿದ್ದು (45:1). ರಾಜ್ಯದ ಅಧಿಕಾರವೆಲ್ಲ ಅವನ ಕೈಯಲ್ಲಿತ್ತು. ಆದರೂ ಈ ಸತ್ಯ ರಾಜ್ಯದ ಮುಂದೆ ಬಿಚ್ಚತಕ್ಕದ್ದಲ್ಲವೆಂದು ಅವನು ತಿಳಿದಿದ್ದನು. ವ್ಯಾಧಿ ರಟ್ಟಾಯಿತು, ಸಂಸಾರದ ಮಾನ ಉಳಿಯಿತು. ಗಾದೆಯ ಎರಡು ಅರ್ಧಗಳೂ ಆ ಕೋಣೆಯಲ್ಲಿ ಕೂಡಿಬಂದವು. ಹಾಗಿದ್ದರೂ ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ. ನಮ್ಮನ್ನು ಕ್ಷಮಿಸು ಎಂಬ ಬ��ಡಿಕೆ ಸಹೋದರರಿಂದ ಬಂದಂತೆ ನಾವು ಮೊದಲು ಓದುವುದು ಐವತ್ತನೆಯ ಅಧ್ಯಾಯದಲ್ಲಿ, ಯಾಕೋಬನು ಐಗುಪ್ತದಲ್ಲಿ ಹದಿನೇಳು ವರ್ಷ ಬದುಕಿ ಸತ್ತ ಮೇಲೆ. ಆಗಲೂ ಅವರು ಹೆದರಿ, ದೂತರ ಮೂಲಕ ಹೇಳಿಕಳುಹಿಸಿದರು. ಯೋಸೇಫನು ಅತ್ತನು, ದೇವರ ಸ್ಥಾನದಲ್ಲಿ ತಾನಿಲ್ಲವೆಂದನು. ಸತ್ಯ ತಿಳಿದ ದಿನಕ್ಕೂ ಕ್ಷಮೆ ಬೇಡಿದ ದಿನಕ್ಕೂ ನಡುವಿನ ಆ ಹದಿನೇಳು ವರ್ಷಗಳನ್ನು ಪವಿತ್ರ ಗ್ರಂಥವು ಅಳಿಸಿಹಾಕಲಿಲ್ಲ.

ನಮ್ಮ ಸೇವೆಗೆ

ನಮ್ಮ ಸಭೆಗಳಲ್ಲಿ ಸ್ಟಾಸಿಯ ಕಡತಗಳಿಲ್ಲ. ಆದರೂ ಬಯಲಾದ ಗುಟ್ಟಿನ ಭಾರವನ್ನು ಹೊತ್ತು ಸಭಾಪಾಲಕನ ಮನೆಯ ಬಾಗಿಲು ತಟ್ಟುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ತಂದೆ ಸತ್ತ ಬಳಿಕ ಪೆಟ್ಟಿಗೆಯಲ್ಲಿ ಸಿಕ್ಕ ಪತ್ರ, ಆಸ್ತಿಯ ಕಾಗದದಲ್ಲಿ ಕಂಡ ಮೋಸ, ಮನೆಯವರೇ ಮಾಡಿದ ದ್ರೋಹ, ಇವುಗಳ ಮುಂದೆ ‘ಆದದ್ದು ಆಗಿಹೋಯಿತು, ಕ್ಷಮಿಸಿಬಿಡಮ್ಮಾ’ ಎನ್ನುವುದು ನಮಗೆ ಬಹಳ ಸುಲಭವಾದ ಮಾತು. ಪೂರ್ವ ಜರ್ಮನಿಯ ಅನುಭವವು ಆ ಸುಲಭದ ಮಾತನ್ನು ನಮ್ಮ ನಾಲಿಗೆಯಲ್ಲೇ ತಡೆಯಬೇಕು. ನೊಂದವರು ನಡೆದುದೇನೆಂದು ತಿಳಿಯಲು ಬಯಸಿದರೆ ಅದು ಸೇಡಲ್ಲ. ತಿಳಿಯಲು ಬಯಸದಿದ್ದರೆ ಅದು ಅಪನಂಬಿಕೆಯಲ್ಲ. ತಪ್ಪು ಮಾಡಿದವನ ಪರವಾಗಿ ನೊಂದವರಿಂದ ಕ್ಷಮೆಯನ್ನು ವಸೂಲಿ ಮಾಡುವುದು ಸಭಾಪಾಲಕನ ಕೆಲಸವಲ್ಲ. ತಪ್ಪು ಮಾಡಿದವನು ಸಮರ್ಥನೆಗಳನ್ನು ಕೆಳಗಿಟ್ಟು ತನ್ನ ಬಾಯಿಂದಲೇ ಅರಿಕೆ ಮಾಡುವಂತೆ ಅವನೊಡನೆ ಕುಳಿತುಕೊಳ್ಳುವುದು ಅವನ ಕೆಲಸ.

ಇನ್ನೊಂದು ಮಾತು ನಮ್ಮನ್ನೇ ಕುರಿತದ್ದು. ಪಾಪನಿವೇದನೆಯಲ್ಲಿಯೂ ಆಪ್ತ ಸಲಹೆಯಲ್ಲಿಯೂ ಜನರ ಮನೆಗಳ ಗುಟ್ಟುಗಳು ನಮ್ಮ ಕಿವಿಗೆ ಬೀಳುತ್ತವೆ. ಅವು ಬೇಲಿಯಂತೆ ಕಾಯಬೇಕಾದ ಗುಟ್ಟುಗಳು. ಪ್ರಾರ್ಥನೆಯ ವಿನಂತಿಯೆಂಬ ನೆಪದಲ್ಲಿ ಅವುಗಳನ್ನು ಸಮಿತಿಯ ಕೋಣೆಗೆ ಒಯ್ಯುವವನಿಗೆ ಯಾವ ಸಚಿವಾಲಯವೂ ಗುಪ್ತನಾಮ ಕೊಟ್ಟಿರುವುದಿಲ್ಲ. ಆದರೆ ಅವನು ಮಾಡುವ ಕೆಲಸ ಅದೇ. ಹಾಗೆಯೇ ಸಭೆಯ ಮರ್ಯಾದೆಯ ಹೆಸರಿನಲ್ಲಿ ದುರ್ಬಲರಿಗಾದ ಅನ್ಯಾಯವನ್ನು ಮುಚ್ಚಿಡುವವನು ವ್ಯಾಧಿಯನ್ನು ಸಂಸಾರದ ಗುಟ್ಟೆಂದು ಕರೆಯುತ್ತಾನೆ. ಯಾವುದು ಬೇಲಿ, ಯಾವುದು ಗೆದ್ದಲು ಎಂದು ವಿವೇಚಿಸುವ ವರವನ್ನು ದೇವರಾತ್ಮನಲ್ಲಿ ಬೇಡಿಕೊಳ್ಳುವುದು ನಮ್ಮ ಪ್ರತಿದಿನದ ಪ್ರಾರ್ಥನೆಯಾಗಲಿ. ಆ ನಾಡಿನ ಸಭೆಯು ತನ್ನ ಸೇವಕರಿಗೆ ಕೊಟ್ಟ ಬುದ್ಧಿವಾದವು ನಮಗೂ ಸಲ್ಲುತ್ತದೆ: ಕತ್ತಲೆಯವನು ನಿನ್ನ ಬಳಿಗೆ ಬಂದುಹೋಗಿದ್ದರೆ, ಇಂದೇ ಒಬ್ಬ ಸಹೋದರನಿಗೆ ಹೇಳು.